ಎದುರು ಪಕ್ಷದವರು ವೊಕೇಶನಲ್ ಪರೀಕ್ಷೆಗೆ ಕರೆದಿದ್ದಾರೆ: ಹೋಗಲೇಬೇಕೆ?

ಪ್ರಶ್ನೆ: ನನಗೆ 48 ವರ್ಷ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಊರಿನಲ್ಲಿ ಕೆಲವು ವರ್ಷ ದುಡಿದು, ಆಮೇಲೆ ನ್ಯೂಜೆರ್ಸಿಗೆ ಬಂದವನು. ಗ್ರೀನ್ ಕಾರ್ಡ್ ಇದೆ. ಹದಿನಾರು ವರ್ಷ ಒಂದೇ ಮಷೀನ್ ಶಾಪಿನಲ್ಲಿ ಮಷಿನಿಸ್ಟ್ ಆಗಿದ್ದೆ. ಎರಡು ವರ್ಷಗಳ ಹಿಂದೆ ಸಿಗ್ನಲ್ಲಿನಲ್ಲಿ ನಿಂತಿದ್ದ ನನ್ನ ಕಾರಿಗೆ ಟ್ರಕ್ ಹಿಂದಿನಿಂದ ಗುದ್ದಿತು. ಬಲ ಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿದೆ, ಕುತ್ತಿಗೆಯ ನೋವು ಹೋಗಿಲ್ಲ. 20 ಪೌಂಡಿಗಿಂತ ಹೆಚ್ಚು ಭಾರ ಎತ್ತಬಾರದು, ಭುಜದ ಮಟ್ಟಕ್ಕಿಂತ ಮೇಲೆ ಕೈಯೆತ್ತಿ ಕೆಲಸ ಮಾಡಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಹಳೆಯ ಕೆಲಸ ಹೋಯಿತು. ದಾವೆ ಹೂಡಿದ್ದೇವೆ. ಈಗ ಟ್ರಕ್ ಕಂಪನಿಯ ವಕೀಲರಿಂದ ‘ವೊಕೇಶನಲ್ ಎಕ್ಸಾಮಿನೇಷನ್’ಗೆ, ಅಂದರೆ ನಾನು ಇನ್ನು ಯಾವ ಕೆಲಸ ಮಾಡಬಲ್ಲೆ ಎಂದು ತಜ್ಞರೊಬ್ಬರು ನೋಡುವ ಪರೀಕ್ಷೆಗೆ, ನೋಟಿಸ್ ಬಂದಿದೆ, ಇಡೀ ದಿನದ ಪರೀಕ್ಷೆಯಂತೆ. ಕ್ಯಾಲಿಫೋರ್ನಿಯಾದಲ್ಲಿರುವ ಸ್ನೇಹಿತರು, ‘ಅಂಥದ್ದಕ್ಕೆ ಕೋರ್ಟಿಗೇ ಅಧಿಕಾರವಿಲ್ಲ, ಹೋಗಬೇಡಿ’ ಎನ್ನುತ್ತಾರೆ. ಇನ್ನೊಬ್ಬರು, ‘ಇಂಗ್ಲಿಷ್ ಬರುವುದಿಲ್ಲ ಅಂದುಬಿಡಿ, ಆಗ ಯಾವ ಕೆಲಸಕ್ಕೂ ಆಗುವುದಿಲ್ಲ ಎಂದು ಬರೆಯುತ್ತಾರೆ’ ಎನ್ನುತ್ತಾರೆ. ಮಗನನ್ನು ದುಭಾಷಿಯಾಗಿ ಕರೆದುಕೊಂಡು ಹೋಗಬಹುದೆ? ಊರಿನ ಜಮೀನಿನ ವಿಷಯವನ್ನೂ ಕೇಳುತ್ತಾರೆಯೆ? ನನ್ನ ವಕೀಲರು ಒಳ್ಳೆಯವರೇ, ಆದರೆ ಇಷ್ಟೆಲ್ಲ ಕೇಳಲು ಸಂಕೋಚ.
— ಮಿಡ್ಲ್‌ಸೆಕ್ಸ್ ಕೌಂಟಿ, ನ್ಯೂಜೆರ್ಸಿ

ಉತ್ತರ: ಸಂಕೋಚ ಬೇಡ, ಈ ಪ್ರಶ್ನೆಗಳನ್ನೆಲ್ಲ ಇದೇ ವಾರ ನಿಮ್ಮ ವಕೀಲರ ಮುಂದಿಡಿ. ದಾವೆಯ ಕಡತವನ್ನು ನಾನು ನೋಡಿಲ್ಲ, ಅವರು ನೋಡಿದ್ದಾರೆ. ನಾನು ಇಲ್ಲಿ ಹೇಳುವುದು ಇಂಥ ದಾವೆಗಳನ್ನು ನಡೆಸಿದ ಅನುಭವದಿಂದ ಸಾಮಾನ್ಯವಾಗಿ ಹೇಳಬಹುದಾದದ್ದು ಮಾತ್ರ.

ನಿಮ್ಮ ಆತಂಕ ನನಗೆ ಅರ್ಥವಾದ ಮಟ್ಟಿಗೆ ಹೀಗಿದೆ: ಎದುರು ಪಕ್ಷದವರು ದುಡ್ಡು ಕೊಟ್ಟು ಕರೆಸಿದ ಒಬ್ಬ ಅಪರಿಚಿತ ವ್ಯಕ್ತಿ ಒಂದು ದಿನ ನಿಮ್ಮನ್ನು ಕೂರಿಸಿಕೊಂಡು ಮಾತನಾಡಿಸಿ, ‘ಈತ ಬೇರೆ ಎಷ್ಟೋ ಕೆಲಸ ಮಾಡಬಲ್ಲ, ಹಾಗಾಗಿ ಇವನಿಗೆ ಆದ ನಷ್ಟ ಅಲ್ಪ’ ಎಂದು ಬರೆದುಬಿಟ್ಟರೆ, ಹದಿನಾರು ವರ್ಷದ ಕಸುಬಿಗೆ ಬೆಲೆಯೇ ಇಲ್ಲದಂತಾಗುತ್ತದೆ ಎಂಬುದು. ಈ ಆತಂಕ ಆಧಾರವಿಲ್ಲದ್ದಲ್ಲ. ಆದರೆ ಅದಕ್ಕೆ ಪರಿಹಾರವಾಗಿ ನಿಮಗೆ ಸಿಕ್ಕಿರುವ ಎರಡೂ ಸಲಹೆಗಳು ನಿಮ್ಮ ದಾವೆಯನ್ನೇ ಕೆಡಿಸುವಂಥವು.

ಮೊದಲು ಕ್ಯಾಲಿಫೋರ್ನಿಯಾದ ಸ್ನೇಹಿತರ ಮಾತು. ಅವರು ಸುಳ್ಳು ಹೇಳಿಲ್ಲ. ಅವರ ರಾಜ್ಯದ ಮಟ್ಟಿಗೆ ಅದು ಸರಿಯೇ. ಅಲ್ಲಿನ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಹನೀಫ್ ಪ್ರಕರಣದಲ್ಲಿ, ವೈಯಕ್ತಿಕ ಗಾಯದ ದಾವೆಯಲ್ಲಿ ವಾದಿಯನ್ನು ವೊಕೇಶನಲ್ ತಜ್ಞರ ಪರೀಕ್ಷೆಗೆ ಹಾಜರಾಗುವಂತೆ ಆದೇಶಿಸುವ ಅಧಿಕಾರ ವಿಚಾರಣಾ ನ್ಯಾಯಾಲಯಕ್ಕೆ ಇಲ್ಲವೆಂದು ತೀರ್ಪು ಕೊಟ್ಟಿತು. ಡಿಸ್ಕವರಿಯ (ವಿಚಾರಣೆಗೆ ಮುನ್ನ ಎದುರು ಪಕ್ಷದಿಂದ ಮಾಹಿತಿ ಪಡೆಯುವ ಪ್ರಕ್ರಿಯೆಯ) ದಾರಿಗಳು ಯಾವುವು ಎಂಬುದನ್ನು ಶಾಸನವೇ ಪಟ್ಟಿ ಮಾಡಿದೆ, ಆ ಪಟ್ಟಿಯಲ್ಲಿ ಇಲ್ಲದ್ದನ್ನು ನ್ಯಾಯಾಧೀಶರು ತಾವಾಗಿ ಸೇರಿಸುವಂತಿಲ್ಲ ಎಂಬುದು ಅದರ ತರ್ಕ. ಸ್ವಾರಸ್ಯವೆಂದರೆ, ಅದೇ ರಾಜ್ಯದಲ್ಲಿ ವಿಚ್ಛೇದನದ ಮೊಕದ್ದಮೆಯಲ್ಲಿ ಜೀವನಾಂಶ ನಿರ್ಧರಿಸುವಾಗ ಇಂಥ ಪರೀಕ್ಷೆಗೆ ಕೌಟುಂಬಿಕ ಸಂಹಿತೆಯೇ ಅವಕಾಶ ಕೊಟ್ಟಿದೆ. ಗಾಯದ ದಾವೆಗೆ ಕೊಟ್ಟಿಲ್ಲ, ಅಷ್ಟೆ. ಆದರೆ ನಿಮ್ಮ ದಾವೆ ಇರುವುದು ನ್ಯೂಜೆರ್ಸಿಯಲ್ಲಿ. ಅಮೆರಿಕದಲ್ಲಿ ಒಂದೊಂದು ರಾಜ್ಯದ ನ್ಯಾಯಾಲಯಕ್ಕೂ ತನ್ನದೇ ಕಾರ್ಯವಿಧಾನದ ನಿಯಮಗಳಿವೆ. ಒಂದು ರಾಜ್ಯದಲ್ಲಿ ಗೆದ್ದ ಆಕ್ಷೇಪಣೆಯನ್ನು ಇನ್ನೊಂದು ರಾಜ್ಯದಲ್ಲಿ ಎತ್ತಿದರೆ ನ್ಯಾಯಾಧೀಶರು ಅದನ್ನು ಓದಿ ಪಕ್ಕಕ್ಕಿಡುತ್ತಾರೆ.

ನ್ಯೂಜೆರ್ಸಿಯಲ್ಲಿ ಇದನ್ನು ನಿಯಂತ್ರಿಸುವುದು ನ್ಯಾಯಾಲಯ ನಿಯಮ 4:19. ದಾವೆಯಲ್ಲಿ ಒಬ್ಬ ಪಕ್ಷಕಾರ ದೈಹಿಕ ಗಾಯಕ್ಕೆ ಪರಿಹಾರ ಕೇಳಿದ್ದರೆ, ಎದುರು ಪಕ್ಷದವರು ಅವರನ್ನು ‘ವೈದ್ಯಕೀಯ ಅಥವಾ ಇತರ ತಜ್ಞ’ರ ಪರೀಕ್ಷೆಗೆ ಕರೆಯಬಹುದು ಎಂದು ಅದು ಹೇಳುತ್ತದೆ. ಆ ‘ಇತರ ತಜ್ಞ’ ಎಂಬ ಎರಡು ಪದಗಳೇ ವೊಕೇಶನಲ್ ತಜ್ಞರಿಗೆ ಬಾಗಿಲು ತೆರೆದಿರುವುದು. ಇಲ್ಲಿ ಮೊದಲೇ ಕೋರ್ಟಿನ ಆದೇಶ ತರಬೇಕಾಗಿಲ್ಲ, ನೋಟಿಸ್ ಸಾಕು. ನಿಮಗೆ ಬಂದಿರುವುದು ಅದೇ. ನೋಟಿಸಿನಲ್ಲಿ ಯಾವಾಗ, ಎಲ್ಲಿ, ಯಾರಿಂದ ಪರೀಕ್ಷೆ ಎಂಬುದರ ಜೊತೆಗೆ ಪರೀಕ್ಷೆಯ ಸ್ವರೂಪವನ್ನೂ ಯಾವ ಟೆಸ್ಟುಗಳನ್ನು ಕೊಡಲಿದ್ದಾರೆ ಎಂಬುದನ್ನೂ ಸಾಧ್ಯವಾದಷ್ಟು ತಿಳಿಸಿರಬೇಕು. ನೋಟಿಸ್ ಜಾರಿಯಾದ 45 ದಿನಗಳೊಳಗೆ ಪರೀಕ್ಷೆ ಇಟ್ಟುಕೊಳ್ಳುವಂತಿಲ್ಲ. ಆಕ್ಷೇಪಣೆ ಇದ್ದವರು ರಕ್ಷಣಾ ಆದೇಶ (ಪರೀಕ್ಷೆಯನ್ನು ತಡೆಯುವ ಅಥವಾ ಅದಕ್ಕೆ ಮಿತಿ ಹಾಕುವ ಕೋರ್ಟಿನ ಆದೇಶ) ಕೋರಿ ಅರ್ಜಿ ಹಾಕಬೇಕಾದದ್ದೂ ಆ ಅವಧಿಯಲ್ಲೇ. ಸುಮ್ಮನೆ ಗೈರುಹಾಜರಾದರೆ ಹಾಜರಾಗುವಂತೆ ಆದೇಶಿಸುವ, ಅದಕ್ಕೂ ಮಣಿಯದಿದ್ದರೆ ದಾವೆಯನ್ನೇ ವಜಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ‘ಹೋಗಬೇಡಿ’ ಎಂಬ ಸಲಹೆಯ ನಿಜವಾದ ಬೆಲೆ ಅದು.

ಒಂದು ಸಂಗತಿಯನ್ನು ಖಚಿತಪಡಿಸಿಕೊಳ್ಳಿ. ಟ್ರಕ್ ಕಂಪನಿ ಬೇರೆ ರಾಜ್ಯದ್ದಾಗಿದ್ದು, ವಿವಾದದ ಮೊತ್ತ 75,000 ಡಾಲರಿಗಿಂತ ಹೆಚ್ಚಿದ್ದರೆ, ಅವರು ದಾವೆಯನ್ನು ಫೆಡರಲ್ ನ್ಯಾಯಾಲಯಕ್ಕೆ ಸಾಗಿಸಿರುವ ಸಾಧ್ಯತೆ ಇದೆ. ಟ್ರಕ್ ಅಪಘಾತಗಳಲ್ಲಿ ಇದು ಬಹಳ ಸಾಮಾನ್ಯ. ಹಾಗಾಗಿದ್ದರೆ ಅನ್ವಯಿಸುವುದು ಫೆಡರಲ್ ನಿಯಮ 35. ಅಲ್ಲಿ ಎರಡೂ ಕಡೆಯವರು ಒಪ್ಪದಿದ್ದರೆ ಆದೇಶ ಬೇಕೇ ಬೇಕು. ಆದೇಶ ಕೇಳುವವರು ನಿಮ್ಮ ದೈಹಿಕ ಅಥವಾ ಮಾನಸಿಕ ಸ್ಥಿತಿ ವಿವಾದದಲ್ಲಿದೆಯೆಂದೂ ಪರೀಕ್ಷೆಗೆ ಸಕಾರಣವಿದೆಯೆಂದೂ ತೋರಿಸಬೇಕು. ಇದು ಬರಿಯ ಔಪಚಾರಿಕತೆಯಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1964ರ ಶ್ಲಾಗೆನ್‌ಹಾಫ್ ಪ್ರಕರಣದಲ್ಲಿ, ಒಬ್ಬ ಬಸ್ ಚಾಲಕನನ್ನು ಸಾಲುಸಾಲು ತಜ್ಞರ ಪರೀಕ್ಷೆಗೆ ಕಳಿಸಿದ ಆದೇಶವನ್ನು ತಳ್ಳಿಹಾಕುವಾಗ, ಸ್ಪಷ್ಟಪಡಿಸಿತು. ಆದರೆ ಅದೇ ತೀರ್ಪು, ತನಗೆ ಗಾಯವಾಗಿದೆ ಎಂದು ತಾನೇ ದಾವೆ ಹೂಡಿದ ವಾದಿ ತನ್ನ ಸ್ಥಿತಿಯನ್ನು ತಾನೇ ವಿವಾದಕ್ಕೆ ಒಡ್ಡಿದಂತೆ ಎಂದೂ ಹೇಳಿದೆ. ನೀವು ಬರುವುದು ಈ ಎರಡನೆಯ ಗುಂಪಿನಲ್ಲಿ. ನಿಯಮ 35ರಲ್ಲಿ ಮೊದಲು ವೈದ್ಯರಿಗೆ ಮಾತ್ರ ಜಾಗವಿತ್ತು. 1991ರ ತಿದ್ದುಪಡಿ ಅದನ್ನು ಸೂಕ್ತ ಪರವಾನಗಿ ಅಥವಾ ಪ್ರಮಾಣಪತ್ರ ಇರುವ ಪರೀಕ್ಷಕರಿಗೆಲ್ಲ ವಿಸ್ತರಿಸಿತು. ಉದ್ಯೋಗದ ಬಗ್ಗೆ ಸಂದರ್ಶನ ಮಾಡುವುದು ದೇಹದ ಅಥವಾ ಮನಸ್ಸಿನ ಪರೀಕ್ಷೆಯೆನಿಸುತ್ತದೆಯೆ ಎಂಬ ವಾದ ಮಾತ್ರ ಫೆಡರಲ್ ನ್ಯಾಯಾಧೀಶರ ನಡುವೆ ಇನ್ನೂ ಪೂರ್ತಿ ತಣ್ಣಗಾಗಿಲ್ಲ.

ನೆರೆಯ ನ್ಯೂಯಾರ್ಕಿನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ 1998ರಲ್ಲಿ ಇದನ್ನು ವಿಚಾರಣಾ ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಫ್ಲಾರಿಡಾ 1988ರಲ್ಲೇ ತನ್ನ ನಿಯಮವನ್ನು ವೈದ್ಯರಲ್ಲದ ಅರ್ಹ ತಜ್ಞರಿಗೂ ಹಿಗ್ಗಿಸಿತ್ತು. ಈ ವಿಷಯದಲ್ಲಿ ಬೇರೆ ರಾಜ್ಯದ ಬಂಧುಮಿತ್ರರ ಅನುಭವವನ್ನು ಕಿವಿಯಲ್ಲಿ ಹಾಕಿಕೊಳ್ಳಿ, ಆದರೆ ಅದರ ಮೇಲೆ ನಡೆಯಬೇಡಿ.

ಇನ್ನು ಈ ಪರೀಕ್ಷಕರು ಮಾಡುವುದಾದರೂ ಏನು? ನಿಮ್ಮ ಭುಜವನ್ನು ಅವರು ಮುಟ್ಟುವುದಿಲ್ಲ. ವೈದ್ಯರು ಬರೆದ ನಿರ್ಬಂಧಗಳನ್ನು ಹಾಗೆಯೇ ತೆಗೆದುಕೊಂಡು, ಆ ನಿರ್ಬಂಧಗಳೊಳಗೆ ನಿಮ್ಮ ವಯಸ್ಸು, ಓದು, ಕೌಶಲದ ಮನುಷ್ಯನಿಗೆ ಯಾವ ಕೆಲಸ ಸಿಕ್ಕೀತು, ಅದಕ್ಕೆ ಸಂಬಳ ಎಷ್ಟು ಎಂಬುದನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ಇಂದಿಗೂ ಬಳಕೆಯಲ್ಲಿರುವ ಒಂದು ಮುಖ್ಯ ಆಕರವೆಂದರೆ ಅಮೆರಿಕದ ಕಾರ್ಮಿಕ ಇಲಾಖೆ 1991ರಲ್ಲಿ ಕಡೆಯದಾಗಿ ಪರಿಷ್ಕರಿಸಿದ ಉದ್ಯೋಗಗಳ ಕೋಶ. ಅದು ಕೆಲಸಗಳನ್ನು ಭಾರದ ಮೇಲೆ ವಿಂಗಡಿಸುತ್ತದೆ: 10 ಪೌಂಡಿನವರೆಗೆ ಎತ್ತುವುದು ಕುಳಿತು ಮಾಡುವ ಕೆಲಸ, 20ರವರೆಗೆ ಹಗುರ, 50ರವರೆಗೆ ಮಧ್ಯಮ, ಅದರಾಚೆ ಭಾರಿ. ಮಷಿನಿಸ್ಟ್ ಕೆಲಸ ಅಲ್ಲಿ ‘ಮಧ್ಯಮ’ ವರ್ಗದಲ್ಲಿದೆ, ಕಲಿಯಲು ಎರಡರಿಂದ ನಾಲ್ಕು ವರ್ಷ ಬೇಕಾಗುವ ಕುಶಲ ಕೆಲಸ ಎಂದೂ ಇದೆ. ನಿಮ್ಮ ಡಾಕ್ಟರ ನಿರ್ಬಂಧ ನಿಮ್ಮನ್ನು ‘ಹಗುರ’ಕ್ಕೆ ಇಳಿಸಿದೆ. ಹಾಗಾಗಿ ಹಳೆಯ ಕೆಲಸಕ್ಕೆ ಮರಳಲಾರಿರಿ ಎಂಬುದನ್ನು ಎದುರು ಪಕ್ಷದ ತಜ್ಞರೂ ಬಹುಶಃ ಒಪ್ಪುತ್ತಾರೆ. ಜಗಳ ಶುರುವಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ: ಡ್ರಾಯಿಂಗ್ ಓದಲು, ಮೈಕ್ರೋಮೀಟರ್ ಹಿಡಿಯಲು, ಟಾಲರೆನ್ಸ್ ಲೆಕ್ಕ ಹಾಕಲು ಬಲ್ಲವನು ಗುಣಮಟ್ಟ ತಪಾಸಣೆಗೋ ಸಿಎನ್‌ಸಿ ಪ್ರೋಗ್ರಾಮಿಂಗಿಗೋ ಹೋಗಬಹುದಲ್ಲ ಎಂಬಲ್ಲಿ.

ಇದರ ಹಣದ ತೂಕ ಎಷ್ಟೆಂದು ಅಂದಾಜಿಗೆ ನೋಡಿ. ಅಂಕಿಗಳು ಕೇವಲ ಉದಾಹರಣೆ. ನೀವು ಗಂಟೆಗೆ 34 ಡಾಲರ್ ಗಳಿಸುತ್ತಿದ್ದಿರಿ, ಈಗ 25 ಡಾಲರಿನ ಕೆಲಸಕ್ಕೆ ಮಾತ್ರ ಯೋಗ್ಯರು ಎಂದಿಟ್ಟುಕೊಂಡರೆ, ವರ್ಷಕ್ಕೆ 2,080 ಗಂಟೆಯಂತೆ 18,720 ಡಾಲರ್ ನಷ್ಟ. 67ರ ವಯಸ್ಸಿನವರೆಗೆ, ಅಂದರೆ 19 ವರ್ಷಕ್ಕೆ, 3,55,680. ಎದುರು ಪಕ್ಷದ ತಜ್ಞರು ‘ಇವರಿಗೆ 31 ಡಾಲರಿನ ಕೆಲಸ ಸಿಗುತ್ತದೆ’ ಎಂದರೆ ಅದೇ ಮೊತ್ತ 1,18,560ಕ್ಕೆ ಇಳಿಯುತ್ತದೆ. ತೆರಿಗೆ, ಮುಂದಿನ ಹಣದ ಇಂದಿನ ಮೌಲ್ಯ ಇವನ್ನೆಲ್ಲ ಕಳೆದ ಮೇಲೆ ಎರಡೂ ಕಡಿಮೆಯಾಗುತ್ತವೆ. ನ್ಯೂಜೆರ್ಸಿಯಲ್ಲಿ ಗಳಿಕೆಯ ನಷ್ಟವನ್ನು ತೆರಿಗೆ ಕಳೆದ ಆದಾಯದ ಮೇಲೆಯೇ ಲೆಕ್ಕ ಹಾಕುವುದು. ಆದರೂ ಗಂಟೆಗೆ ಆರು ಡಾಲರಿನ ಅಭಿಪ್ರಾಯಭೇದ ಕೊನೆಗೆ ಎಷ್ಟಾಗುತ್ತದೆ ನೋಡಿ. ವಿಮಾ ಕಂಪನಿಗಳು ಈ ತಜ್ಞರಿಗೆ ಹಣ ಸುರಿಯುವುದು ಇದಕ್ಕೇ.

ನಿಮಗಿರುವ ದಾರಿಗಳಿಗೆ ಬರೋಣ. ಪರೀಕ್ಷೆಯೇ ಬೇಡವೆಂದು ಪೂರ್ತಿ ವಿರೋಧಿಸುವುದು ನಿಮ್ಮಂಥ ದಾವೆಯಲ್ಲಿ ಗೆಲ್ಲುವುದು ಕಷ್ಟ. ನಿಮ್ಮ ವಕೀಲರು ನಿಮ್ಮ ಪರವಾಗಿ ಒಬ್ಬ ವೊಕೇಶನಲ್ ತಜ್ಞರನ್ನು ಈಗಾಗಲೇ ನೇಮಿಸಿದ್ದರಂತೂ ಅಸಾಧ್ಯವೆಂದೇ ತಿಳಿಯಿರಿ. ನಮ್ಮ ತಜ್ಞರು ನಿಮ್ಮನ್ನು ನೋಡಬಹುದು, ಅವರ ತಜ್ಞರು ನೋಡಬಾರದು ಎಂದರೆ ಯಾವ ನ್ಯಾಯಾಧೀಶರೂ ಕೇಳುವುದಿಲ್ಲ. ಪರೀಕ್ಷೆಯ ಕಾರಣವನ್ನೇ ಇಲ್ಲವಾಗಿಸುವ ದಾರಿಯೊಂದಿದೆ. ಭವಿಷ್ಯದ ಗಳಿಕೆಯ ನಷ್ಟದ ಬೇಡಿಕೆಯನ್ನು ಕೈಬಿಟ್ಟು, ಇದುವರೆಗೆ ತಪ್ಪಿಹೋದ ಸಂಬಳ ಮತ್ತು ನೋವು-ಸಂಕಟದ ಪರಿಹಾರವನ್ನಷ್ಟೇ ಕೇಳುವುದು. ಗಾಯ ವಾಸಿಯಾಗಿ ಹಳೆಯ ಕೆಲಸಕ್ಕೆ ಮರಳಿದವರಿಗೆ ನಾನು ಇದನ್ನು ಸೂಚಿಸುವುದುಂಟು. ನಿಮಗೆ ಸೂಚಿಸಲಾರೆ, ಏಕೆಂದರೆ ನಿಮ್ಮ ದಾವೆಯ ದೊಡ್ಡ ಭಾಗವೇ ಅದು. ಮುಖಾಮುಖಿ ಪರೀಕ್ಷೆಯ ಬದಲು ವೈದ್ಯಕೀಯ ದಾಖಲೆ, ಉದ್ಯೋಗದ ಕಡತ, ನಿಮ್ಮ ಡೆಪೊಸಿಷನ್ (ವಿಚಾರಣೆಗೆ ಮುನ್ನ ಪ್ರಮಾಣ ಮಾಡಿ ಕೊಡುವ ಹೇಳಿಕೆ) ಇಷ್ಟನ್ನೇ ಓದಿ ವರದಿ ಬರೆಯಲಿ ಎಂದು ಕೇಳಿ ನೋಡಬಹುದು. ಕ್ಯಾಲಿಫೋರ್ನಿಯಾದ ಪ್ರತಿವಾದಿಗಳು ಮಾಡುತ್ತಿರುವುದು ಅದನ್ನೇ. ಆದರೆ ಇದರಲ್ಲೂ ಅಪಾಯವಿದೆ. ನಿಮ್ಮನ್ನು ನೋಡದ ತಜ್ಞರ ಕಣ್ಣಿಗೆ ನೀವು ‘ಮೆಕ್ಯಾನಿಕಲ್ ಡಿಪ್ಲೊಮಾ, 16 ವರ್ಷ ಅನುಭವ’ ಎಂಬ ಎರಡು ಸಾಲು ಮಾತ್ರ, ಮತ್ತು ಆ ಎರಡು ಸಾಲು ನಿಮ್ಮ ವಿರುದ್ಧವೇ ಕೆಲಸ ಮಾಡುತ್ತವೆ.

ಆದ್ದರಿಂದ ನನ್ನ ಅಭಿಪ್ರಾಯ ಇದು: ಹೋಗಿ, ಆದರೆ ಬೇಲಿ ಹಾಕಿಸಿಕೊಂಡು ಹೋಗಿ. ಹೋಗಬೇಕೆ ಬೇಡವೆ ಎಂಬ ವಾದದಲ್ಲಿ 45 ದಿನ ಕಳೆದುಹೋಗಿ, ಪರೀಕ್ಷೆಯ ವ್ಯಾಪ್ತಿಯ ಬಗ್ಗೆ ಒಂದು ಸಾಲೂ ಬರೆಸಿಕೊಳ್ಳದೆ ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಇಡೀ ದಿನ ಏಕೆ, ಇಂತಿಷ್ಟು ಗಂಟೆ ಎಂದು ನಿಗದಿಯಾಗಲಿ. ಟೆಸ್ಟುಗಳ ಹೆಸರು ಮೊದಲೇ ಬರಲಿ. ಬುದ್ಧಿಶಕ್ತಿ, ವ್ಯಕ್ತಿತ್ವದ ಟೆಸ್ಟುಗಳು ಬೇಡ. ನೀವು ತಲೆಗೆ ಪೆಟ್ಟಾಗಿದೆ ಎಂದಾಗಲಿ ಖಿನ್ನತೆ ಎಂದಾಗಲಿ ದಾವೆಯಲ್ಲಿ ಹೇಳಿಲ್ಲದಿದ್ದರೆ ಅವಕ್ಕೆ ಅಲ್ಲಿ ಕೆಲಸವಿಲ್ಲ. ಅಪಘಾತ ಹೇಗಾಯಿತು, ಯಾರದು ತಪ್ಪು ಎಂಬ ಪ್ರಶ್ನೆಗಳು ಬೇಡ, ಅದಕ್ಕೆ ಡೆಪೊಸಿಷನ್ ಇದೆ. ವಕೀಲರೊಂದಿಗೆ ನೀವು ಆಡಿದ ಮಾತಿನ ಬಗ್ಗೆ ಪ್ರಶ್ನೆ ಬರಲೇಕೂಡದು. ಬಾಗಿಲಲ್ಲಿ ಕೈಗಿಡುವ ಹತ್ತಾರು ಪುಟದ ಫಾರಂ ತುಂಬುವುದಿಲ್ಲ, ಯಾವುದಕ್ಕೂ ಸಹಿ ಹಾಕುವುದಿಲ್ಲ ಎಂಬುದೂ ಸೇರಲಿ. ಇಷ್ಟನ್ನು ಎರಡೂ ಕಡೆಯ ವಕೀಲರು ಪತ್ರದ ಮೂಲಕ ಒಪ್ಪಿಕೊಳ್ಳುವುದೇ ಹೆಚ್ಚು. ಒಪ್ಪದಿದ್ದರೆ ಆಗ ರಕ್ಷಣಾ ಆದೇಶದ ಅರ್ಜಿ.

ಜೊತೆಗೊಬ್ಬರು ಇರಬಹುದೆ ಎಂಬುದಕ್ಕೆ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 2023ರಲ್ಲಿ ಡಿಫಿಯೋರೆ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಪರೀಕ್ಷೆಯನ್ನು ಮೂರನೆಯವರೊಬ್ಬರು ಗಮನಿಸಬೇಕು ಅಥವಾ ಅದು ರೆಕಾರ್ಡ್ ಆಗಬೇಕು ಎಂದು ವಾದಿ ತಿಳಿಸಿದರೆ, ಉಭಯ ಪಕ್ಷಗಳು ಮಾತಾಡಿ ನೋಡಬೇಕು. ಆಗದೆಂದು ಪ್ರತಿವಾದಿ ಹಟ ಹಿಡಿದರೆ, ನ್ಯಾಯಾಲಯಕ್ಕೆ ಹೋಗಬೇಕಾದವರು ಅವರೇ. ಆ ತೀರ್ಪು ವೈದ್ಯಕೀಯ ಮತ್ತು ನರಮನಃಶಾಸ್ತ್ರೀಯ ಪರೀಕ್ಷೆಗಳ ಸಂದರ್ಭದಲ್ಲಿ ಬಂದದ್ದು, ಆದರೆ ನಿಯಮ ಒಂದೇ ಆದ್ದರಿಂದ ನಾವು ವೊಕೇಶನಲ್ ಪರೀಕ್ಷೆಗೂ ಅದನ್ನೇ ಮುಂದಿಡುತ್ತೇವೆ. ಫೆಡರಲ್ ನ್ಯಾಯಾಲಯಗಳು ಈ ವಿಷಯದಲ್ಲಿ ಇಷ್ಟು ಉದಾರವಾಗಿಲ್ಲ.

ಭಾಷೆಯ ವಿಷಯ. ನಿಮ್ಮ ಮಗ ದುಭಾಷಿಯಾಗುವಂತಿಲ್ಲ. ದಾವೆಯ ಫಲದಲ್ಲಿ ಅವನಿಗೂ ಹಿತವಿದೆ ಎಂದು ಪಾಟೀಸವಾಲಿನಲ್ಲಿ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಎರಡೂ ಕಡೆಯವರು ಒಪ್ಪಿದ ತಟಸ್ಥ ದುಭಾಷಿ ಬೇಕು. ಕನ್ನಡಕ್ಕೆ ಅಂಥವರು ಸಿಗುವುದು ವಿರಳ, ಹಿಂದಿ ಗೊತ್ತಿದೆಯಲ್ಲ ಎಂದು ಕೆಲವೊಮ್ಮೆ ಹಿಂದಿಯವರನ್ನು ತಂದು ಕೂರಿಸಲು ನೋಡುತ್ತಾರೆ, ಆದ್ದರಿಂದ ಈಗಲೇ ಹೇಳಿ. ಇನ್ನು, ಇಂಗ್ಲಿಷ್ ಬರುವುದಿಲ್ಲ ಎಂದುಬಿಡುವ ಸಲಹೆ. ಹದಿನಾರು ವರ್ಷ ಇಂಗ್ಲಿಷಿನ ಡ್ರಾಯಿಂಗು, ವರ್ಕ್ ಆರ್ಡರು ಓದಿದವರು ನೀವು. ಆಸ್ಪತ್ರೆಯ ದಾಖಲೆಯ ಮೊದಲ ಪುಟದಲ್ಲೇ ನಿಮ್ಮ ಭಾಷೆ ಏನೆಂದು ಬರೆದಿರುತ್ತದೆ, ಸೂಪರ್‌ವೈಸರಿಗೆ ಕಳಿಸಿದ ಇಮೇಲುಗಳು ಕಂಪನಿಯ ಕಡತದಲ್ಲಿರುತ್ತವೆ. ಈ ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಭುಜದ ನೋವನ್ನೂ ಜೂರಿ ನಂಬುವುದಿಲ್ಲ. ಅದರ ಬದಲು ನಿಜವನ್ನೇ ಹೇಳಿ: ಕೆಲಸದ ಇಂಗ್ಲಿಷ್ ಬರುತ್ತದೆ, ನೋವನ್ನೂ ಮನೆಯ ವಿಚಾರವನ್ನೂ ವಿವರಿಸುವಾಗ ಕನ್ನಡವೇ ಸರಿಯಾಗಿ ಬರುತ್ತದೆ. ಓದು-ಗಣಿತದ ಟೆಸ್ಟ್ ಇಂಗ್ಲಿಷಿನಲ್ಲಿ ಕೊಟ್ಟರೆ ಅದು ಅಳೆಯುವುದು ನಿಮ್ಮ ಇಂಗ್ಲಿಷನ್ನೋ ನಿಮ್ಮ ಸಾಮರ್ಥ್ಯವನ್ನೋ ಎಂಬ ಪ್ರಶ್ನೆಯನ್ನು ನಿಮ್ಮ ವಕೀಲರು ಎತ್ತಬಲ್ಲರು. ಅದು ನ್ಯಾಯವಾದ ವಾದ, ನಟನೆಯಲ್ಲ.

ಪರೀಕ್ಷೆಯ ಕೋಣೆಯಲ್ಲಿ ನಿಜವಾಗಿ ಎಡವುವ ಜಾಗ ಬೇರೆಯೇ. ‘ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ?’ ಎಂದು ಸಲುಗೆಯಿಂದ ಕೇಳುತ್ತಾರೆ. ‘ಏನೂ ಆಗುವುದಿಲ್ಲ’ ಎನ್ನುವುದು ನಮ್ಮವರ ಮೊದಲ ಉತ್ತರ. ಮರುವಾರ ನೀವು ಇಂಡಿಯನ್ ಅಂಗಡಿಯಿಂದ ಸೋನಾ ಮಸೂರಿಯ 20 ಪೌಂಡಿನ ಚೀಲವನ್ನು ಕಾರಿಗೆ ಹಾಕುವ ದೃಶ್ಯ ಅವರ ಕ್ಯಾಮೆರಾದಲ್ಲಿ ಇದ್ದರೆ, ಅಲ್ಲಿಗೆ ಮುಗಿಯಿತು. ತಮಾಷೆಯೆಂದರೆ ಆ ಚೀಲ ನಿಮ್ಮ ಡಾಕ್ಟರ ಮಿತಿಯೊಳಗೇ ಇದೆ! ಅದನ್ನು ಎತ್ತಿದ್ದು ತಪ್ಪಲ್ಲ, ಏನೂ ಎತ್ತುವುದಿಲ್ಲ ಎಂದದ್ದು ತಪ್ಪು. ಎಡಗೈಯಲ್ಲಿ ಎತ್ತುತ್ತೇನೆ, ಸೊಂಟದ ಮಟ್ಟದವರೆಗೆ ಮಾತ್ರ, ಅಟ್ಟದ ಮೇಲಿಡಲು ಮಗ ಬೇಕು, ಆ ರಾತ್ರಿ ಬಲಮಗ್ಗುಲಾಗಿ ಮಲಗಲಾರೆ, ಹೀಗೆ ಹೇಳಿದರೆ ಯಾವ ವಿಡಿಯೊ ಬಂದರೂ ನಿಮ್ಮ ಮಾತನ್ನು ಅಲ್ಲಾಡಿಸಲಾರದು. ಹಳೆಯ ಕೆಲಸವನ್ನೂ ಇಷ್ಟೇ ವಿವರವಾಗಿ ಹೇಳಿ: ಚಕ್‌ಗೆ ಕೂರಿಸುತ್ತಿದ್ದ ಬಿಲ್ಲೆಟ್ ಎಷ್ಟು ತೂಕವಿತ್ತು, ದಿನಕ್ಕೆ ಎಷ್ಟು ಬಾರಿ, ವೈಸ್ ಬಿಗಿಸುವಾಗ ಕೈ ಎಲ್ಲಿಯವರೆಗೆ ಏಳಬೇಕಿತ್ತು. ತಪಾಸಣೆಯ ಕೆಲಸ ನಿಮ್ಮ ಶಾಪಿನಲ್ಲಿ ಮೇಜಿನ ಮುಂದೆ ಕುಳಿತು ಮಾಡುವಂಥದ್ದೋ, ಅಥವಾ ಭಾಗಗಳನ್ನು ತಾನೇ ಹೊತ್ತು ತರಬೇಕಾದದ್ದೋ? ಕೋಶದಲ್ಲಿ ಇಲ್ಲದ್ದು ಇದು, ನಿಮಗೆ ಮಾತ್ರ ಗೊತ್ತಿರುವುದು. ಈ ಪರೀಕ್ಷಕರು ನಿಮ್ಮ ವೈದ್ಯರಲ್ಲ, ಅವರ ಮುಂದೆ ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ. ಆದರೆ ಅವರ ಟಿಪ್ಪಣಿಯಲ್ಲಿ ಸೇರಿದ ಸತ್ಯವೂ ಹಾಗೆಯೇ ಉಳಿಯುತ್ತದೆ, ಪಾಟೀಸವಾಲಿನಲ್ಲಿ ನಮಗೆ ಅದು ಬೇಕಾಗುತ್ತದೆ.

ಡಿಪ್ಲೊಮಾದ ಬಗ್ಗೆ ಎಚ್ಚರವಿರಲಿ. ನಮ್ಮ ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ ಎಂದರೇನು ಎಂಬುದು ಇಲ್ಲಿನ ಬಹುತೇಕರಿಗೆ ತಿಳಿಯದು. ನಿಮ್ಮ ಲಿಂಕ್ಡ್‌ಇನ್ ಪುಟದಲ್ಲಿ ಅಭಿಮಾನಕ್ಕೆ ‘ಮೆಕ್ಯಾನಿಕಲ್ ಎಂಜಿನಿಯರ್’ ಎಂದು ಹಾಕಿಕೊಂಡಿದ್ದರೆ ಪರೀಕ್ಷಕರು ಅದನ್ನೇ ಹಿಡಿದು ಎಂಜಿನಿಯರುಗಳ ಸಂಬಳದ ಪಟ್ಟಿ ತೆರೆಯುತ್ತಾರೆ. ನೋಟಿಸ್ ಬಂದ ಮೇಲೆ ಅದನ್ನು ಅಳಿಸಲು ಹೋಗಬೇಡಿ, ಸಾಕ್ಷ್ಯನಾಶದ ಆರೋಪ ಬರುತ್ತದೆ. ವಕೀಲರಿಗೆ ತೋರಿಸಿ, ಓದು ಏನಿತ್ತೆಂದು ಪರೀಕ್ಷೆಯಲ್ಲಿ ಸರಿಯಾಗಿ ವಿವರಿಸಿ. ಹಾಗೆಯೇ, ಈ ಎರಡು ವರ್ಷದಲ್ಲಿ ಬೇರೆ ಕೆಲಸಕ್ಕೆ ಪ್ರಯತ್ನಿಸಿದ್ದೀರಾ ಎಂದು ಕೇಳಿಯೇ ಕೇಳುತ್ತಾರೆ. ನಷ್ಟವನ್ನು ತಗ್ಗಿಸಿಕೊಳ್ಳಲು ಗಾಯಾಳು ತನ್ನಿಂದಾದ ಸಮಂಜಸ ಪ್ರಯತ್ನ ಮಾಡಬೇಕೆಂಬುದು ಕಾನೂನಿನ ನಿರೀಕ್ಷೆ. ಹಾಕಿದ ಅರ್ಜಿಗಳ ಪಟ್ಟಿ, ಬಂದ ತಿರಸ್ಕಾರದ ಇಮೇಲುಗಳು ಇದ್ದರೆ ಒಂದೆಡೆ ಸೇರಿಸಿಡಿ. ಇಲ್ಲದಿದ್ದರೆ ಇಂದಿನಿಂದ ಶುರುಮಾಡಿ.

ಜಮೀನು. ನೀವು ದುಡಿಯದೆ ಬರುವ ಗೇಣಿ ಅಥವಾ ಬಾಡಿಗೆ ಗಳಿಕೆಯ ಸಾಮರ್ಥ್ಯವಲ್ಲ, ಅದರಿಂದ ನಿಮ್ಮ ನಷ್ಟ ಕಡಿಮೆಯಾಗದು. ಆದರೆ ವೇತನ ನಷ್ಟ ಕೇಳಿದವರ ತೆರಿಗೆ ರಿಟರ್ನುಗಳು ಎದುರು ಪಕ್ಷಕ್ಕೆ ಹೋಗುತ್ತವೆ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ ಎಂದು ಇಲ್ಲಿಯೂ ತೋರಿಸದೆ ಬಿಟ್ಟವರು ನಮ್ಮಲ್ಲಿ ಅನೇಕರು. ಗ್ರೀನ್ ಕಾರ್ಡ್ ಇರುವವರಿಗೆ ಜಗತ್ತಿನ ಎಲ್ಲ ಮೂಲದ ಆದಾಯವೂ ಅಮೆರಿಕದ ರಿಟರ್ನಿನಲ್ಲಿ ಬರಬೇಕು. ನಿಮ್ಮದು ಬಿಟ್ಟುಹೋಗಿದ್ದರೆ ಪರೀಕ್ಷೆಯ ದಿನಕ್ಕೆ ಮುಂಚೆ ವಕೀಲರಿಗೆ ತಿಳಿಸಿ. ಅವರು ತೆರಿಗೆ ತಜ್ಞರೊಬ್ಬರ ಬಳಿ ಕಳಿಸುತ್ತಾರೆ. ಇದನ್ನು ಅವರು ಮೊದಲ ಬಾರಿಗೆ ಎದುರು ಪಕ್ಷದ ವರದಿಯಲ್ಲಿ ಓದುವಂತಾಗಬಾರದು.

ಪರೀಕ್ಷೆ ಮುಗಿದ ಸಂಜೆಯೇ, ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಮುಗಿಯಿತು, ಏನೇನು ಕೇಳಿದರು, ಯಾವ ಟೆಸ್ಟ್ ಕೊಟ್ಟರು, ನೋವೆಂದು ನೀವು ಎದ್ದು ನಿಂತದ್ದು ಎಷ್ಟು ಸಲ ಎಂಬುದನ್ನು ನೆನಪಿದ್ದಂತೆ ಕನ್ನಡದಲ್ಲೇ ಬರೆದು, ನಿಮ್ಮ ವಕೀಲರ ಹೆಸರಿಗೆ ವಿಳಾಸ ಹಾಕಿ, ಅವರಿಗೊಬ್ಬರಿಗೇ ಕಳಿಸಿ. ಸ್ನೇಹಿತರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮೂರನೆಯವರಿಗೆ ಹಂಚಿದ ಕ್ಷಣವೇ ವಕೀಲ-ಕಕ್ಷಿದಾರರ ನಡುವಿನ ಗೋಪ್ಯತೆಯ ರಕ್ಷಣೆ ಅದಕ್ಕೆ ತಪ್ಪಿಹೋಗುವ ಅಪಾಯವಿದೆ.